ರೇನ್‌ಬೋ ಮೀನಿಗೆ ಜೊತೆಗಾರರು: ನಾನು ನೋಡುವುದು ತಿನ್ನುವ ವೇಗ

ಬೋಸ್ಮನಿ ರೇನ್‌ಬೋ ಎಂಬ ಬಣ್ಣದ ಮೀನು ಇರುವ ಟ್ಯಾಂಕಿನಲ್ಲಿ ಕೋರಿಡೋರಸ್ (ತಳದಲ್ಲಿ ತಿನ್ನುವ ಸಣ್ಣ ಮೀಸೆಮೀನು, ಚಿಕ್ಕದಾಗಿ ಕೋರಿ) ಉಳಿಯುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಗಡಸು ನೀರು ಕೋರಿಗೆ ಆಗಿಬರುವುದಿಲ್ಲ ಎಂದರು ಕೆಲವರು. ಮೇಲಿನ ಮೀನು ಎಲ್ಲ ತಿಂದು ಮುಗಿಸುತ್ತದೆ, ಕೆಳಗಿನದು ಹಸಿದು ಸಾಯುತ್ತದೆ ಎಂದರು ಇನ್ನು ಕೆಲವರು. ರೇನ್‌ಬೋ ಸಾಕುವುದಾದರೆ ರೇನ್‌ಬೋ ಮಾತ್ರ ಸಾಕು, ಬೇರೆ ಯಾವುದೂ ಬೇಡ ಅನ್ನುವುದು ಮೂರನೆಯ ಗುಂಪಿನ ವಾದ. ಈಗ ನನ್ನ ಟ್ಯಾಂಕ್ ಎರಡು ವರ್ಷ ದಾಟಿದೆ. ಬೋಸ್ಮನಿ, ಡೆನಿಸನ್ ಬಾರ್ಬ್, ಕೋರಿ, ಪಾಚಿ ತಿನ್ನುವ ಒಂದು ಬ್ರಿಸಲ್‌ನೋಸ್, ಎಲ್ಲ ಒಂದೇ ನೀರಿನಲ್ಲಿವೆ. ಕೋರಿ ಗಾಜಿನ ಮೇಲೆ ಮೊಟ್ಟೆ ಕೂಡ ಇಟ್ಟಿದೆ. ಅಂದು ಬೇಡ ಎಂದವರೇ ಈಗ ಫೋಟೋ ಕಳಿಸು ಅನ್ನುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಜೊತೆಗಾರರನ್ನು ಗಾತ್ರ ನೋಡಿ, ಸ್ವಭಾವ ನೋಡಿ ಆರಿಸುತ್ತಾರೆ. ಶಾಂತ ಮೀನು, ಬಾಯಿಗೆ ಹಿಡಿಸದಷ್ಟು ದೊಡ್ಡದು, ಸರಿ ಹಾಕು ಅಂತ. ರೇನ್‌ಬೋಗೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಇದು ಜಗಳಗಂಟ ಮೀನಲ್ಲ, ಯಾರನ್ನೂ ಕಚ್ಚುವುದಿಲ್ಲ. ಆದರೆ ತಿನ್ನುವುದರಲ್ಲಿ ಇದರ ವೇಗಕ್ಕೆ ಸಾಟಿ ಕಡಿಮೆ. ಪೆಲೆಟ್, ಅಂದರೆ ಆಹಾರದ ಕಾಳು, ನೀರಿಗೆ ಬಿದ್ದ ಸದ್ದಿಗೆ ಟ್ಯಾಂಕಿನ ಆ ತುದಿಯಿಂದ ಈ ತುದಿಗೆ ಬಂದಿರುತ್ತದೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಎರಡೇ. ಈ ಮೀನು ಅಷ್ಟೇ ವೇಗವಾಗಿ ತಿನ್ನುತ್ತದಾ? ಇಲ್ಲದಿದ್ದರೆ, ರೇನ್‌ಬೋ ಹೋಗದ ಜಾಗದಲ್ಲಿ, ರೇನ್‌ಬೋ ಮಲಗಿರುವ ಹೊತ್ತಲ್ಲಿ ತಿನ್ನುತ್ತದಾ? ಎರಡಕ್ಕೂ ಇಲ್ಲ ಅಂದರೆ ಅದು ಎಷ್ಟೇ ಚಂದ ಇರಲಿ, ಬೇಡ.

ಈ ಲೆಕ್ಕ ಸಿಗುವ ಮೊದಲು ಮೂರಡಿ ಟ್ಯಾಂಕಿನಲ್ಲಿ ರೇನ್‌ಬೋವನ್ನು ಏಂಜಲ್ ಮೀನಿನ ಜೊತೆ ಇಟ್ಟಿದ್ದೆ. ಹೊಡೆದಾಟ ಇಲ್ಲ, ರೆಕ್ಕೆ ಹರಿದಿಲ್ಲ, ನೀರಿನ ಟೆಸ್ಟ್ ಎಲ್ಲ ಸರಿ. ಆದರೂ ಏಂಜಲ್ ದಿನೇ ದಿನೇ ತೆಳ್ಳಗಾದವು. ಸದಾ ಎದುರಿಗೆ ಓಡಾಡುವ ಮೀನು ನೋಡಿಯೇ ಅವು ಮೂಲೆ ಸೇರಿದವು. ಊಟ ಹಾಕಿದರೆ ಮುಂದೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಅವಕ್ಕೆ ಸಿಗಲಿ ಅಂತ ಜಾಸ್ತಿ ಹಾಕಿದೆ. ಆಗ ರೇನ್‌ಬೋ ದಪ್ಪಗಾದವು, ನೀರಿನಲ್ಲಿ ಕೊಳೆಯಿಂದ ಆಗುವ ನೈಟ್ರೇಟ್ ಏರಿತು, ಏಂಜಲ್ ಹಾಗೇ ಉಳಿದವು. ಪರ್ಲ್ ಗೌರಾಮಿಯದೂ ಹೆಚ್ಚುಕಡಿಮೆ ಇದೇ ಕಥೆ, ಸ್ವಲ್ಪ ನಿಧಾನವಾಗಿ ನಡೆಯಿತು ಅಷ್ಟೇ. ಟೈಗರ್ ಬಾರ್ಬ್ ವೇಗದಲ್ಲಿ ಪಾಸ್, ಆದರೆ ರೆಕ್ಕೆ ಕಚ್ಚುವ ಚಾಳಿ ಬಿಡಲಿಲ್ಲ. ಡಿಸ್ಕಸ್ ಬಗ್ಗೆ ಯೋಚನೆಯೇ ಬೇಡ. ಅದಕ್ಕೆ 28ರಿಂದ 30 ಡಿಗ್ರಿ ಬೇಕು, ನನ್ನ ರೇನ್‌ಬೋ ಟ್ಯಾಂಕ್ 24–25ರ ಸುತ್ತ ಇರುತ್ತದೆ.

ಡೆನಿಸನ್ ಬಾರ್ಬ್ ಮಾತ್ರ ಹೇಳಿ ಮಾಡಿಸಿದ ಜೋಡಿ. ಅದು ಪಶ್ಚಿಮ ಘಟ್ಟದ ಹೊಳೆಯ ಮೀನು. ಬೋಸ್ಮನಿ ಪಪುವಾದ ಪಶ್ಚಿಮ ತುದಿಯ ಅಯಮಾರು ಕೆರೆಗಳದ್ದು. ಎಲ್ಲಿಂದೆಲ್ಲಿಗೆ ಅಲ್ವಾ? ಆದರೂ ಎರಡಕ್ಕೂ ಉದ್ದದ ಜಾಗ, ಚೆನ್ನಾಗಿ ಓಡುವ ನೀರು, ಜಾಸ್ತಿ ಆಮ್ಲಜನಕ ಬೇಕು. ತಿನ್ನುವ ವೇಗವೂ ಸಮ. ಡೆನಿಸನ್ ಮಧ್ಯದಲ್ಲಿ, ಸ್ವಲ್ಪ ಕೆಳಗೆ ಗುಂಪಾಗಿ ಓಡಾಡುತ್ತದೆ. ಬೋಸ್ಮನಿ ಮಧ್ಯದಿಂದ ಮೇಲೆ. ಆರಕ್ಕಿಂತ ಕಡಿಮೆ ಡೆನಿಸನ್ ಇಡಬೇಡಿ. ಎರಡೋ ಮೂರೋ ಇದ್ದರೆ ಅವು ಒಂದಕ್ಕೊಂದು ಅಟ್ಟಿಸಿಕೊಂಡು ಎಲ್ಲರ ನೆಮ್ಮದಿ ಕೆಡಿಸುತ್ತವೆ. ಒಂದು ಮಾತು: ಈ ಎರಡೂ ಮೀನು ತಮ್ಮ ಮೂಲ ನೆಲೆಯಲ್ಲಿ ಅಳಿವಿನ ಅಂಚಿನಲ್ಲಿವೆ. ಫಾರ್ಮಿನಲ್ಲಿ ಹುಟ್ಟಿದ್ದನ್ನೇ ಕೇಳಿ ತೆಗೆದುಕೊಳ್ಳಿ. ಹೊಂದಿಕೊಳ್ಳುವುದರಲ್ಲೂ ಅವೇ ಮೇಲು.

ಇನ್ನು ಗಡಸು ನೀರಿನ ವಿಷಯ. ಅಯಮಾರು ಸುಣ್ಣಕಲ್ಲಿನ ನೆಲ, ಅಲ್ಲಿನ ನೀರು ಕ್ಷಾರದ ಕಡೆಗೇ ಇರುತ್ತದೆ. ನನ್ನ ಟ್ಯಾಂಕಿನಲ್ಲಿ ಪಿಎಚ್ 7.6 ಸುಮಾರು. ರೇನ್‌ಬೋಗೆ ಅದು ಹಬ್ಬ. ಕೋರಿಯಲ್ಲಿ ನಾನು ಆರಿಸಿದ್ದು ಬ್ರಾಂಜ್ ಮತ್ತು ಪೆಪ್ಪರ್ಡ್, ಎರಡೂ ತಲೆಮಾರುಗಳಿಂದ ಫಾರ್ಮಿನಲ್ಲೇ ಬೆಳೆದವು. ಇವಕ್ಕೆ ಈ ನೀರು ಸಮಸ್ಯೆಯೇ ಆಗಲಿಲ್ಲ. ಕಾಡಿನಿಂದ ಹಿಡಿದು ತಂದ ಮೆದು ನೀರಿನ ಕೋರಿಗಳನ್ನು ತಂದು ಹಾಕಿದರೆ ಕಥೆ ಬೇರೆ. ನೀರಿನ ಹೆಸರು ಹೇಳಿ ಹೆದರಿಸಿದವರು ಈ ವ್ಯತ್ಯಾಸ ಹೇಳಲೇ ಇಲ್ಲ.

ಹಸಿವಿನ ಸಮಸ್ಯೆ ಮಾತ್ರ ನಿಜವಾದದ್ದು. ನನ್ನ ಉಪಾಯ ಹೀಗೆ. ದೀಪ ಆರಿಸುವ ಅರ್ಧ ಗಂಟೆ ಮೊದಲು ಬಲ ತುದಿಯಲ್ಲಿ ರೇನ್‌ಬೋಗೆ ಸಣ್ಣ ಪೆಲೆಟ್ ಹಾಕುತ್ತೇನೆ. ಸಣ್ಣದು ಅಂದರೆ ಒಂದು ಮಿಲಿಮೀಟರ್. ರೇನ್‌ಬೋ ಬಾಯಿ ನೋಡಲು ದೊಡ್ಡದು, ಗಂಟಲು ಕಿರಿದು, ದಪ್ಪ ಪೆಲೆಟ್ ಸಿಕ್ಕಿಹಾಕಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಮೇಲೆ ದೀಪ ಆರಿಸುತ್ತೇನೆ. ಕೋಣೆಯ ದೀಪವೂ ಆರಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಮುಕ್ಕಾಲು ಗಂಟೆ ಬಿಟ್ಟು ಎಡ ತುದಿಯಲ್ಲಿ, ಕೊಳವೆಯೊಂದರ ಮೂಲಕ, ಮುಳುಗುವ ಆಹಾರದ ಬಿಲ್ಲೆಯನ್ನು ನೇರವಾಗಿ ಮರಳಿನ ಮೇಲೆ ಬಿಡುತ್ತೇನೆ. ಕೋರಿ ಮೀಸೆಯಿಂದ ಹುಡುಕುತ್ತದೆ, ಕತ್ತಲು ಅದಕ್ಕೆ ಅಡ್ಡಿಯಲ್ಲ. ರೇನ್‌ಬೋ ಕಣ್ಣಿನಿಂದ ಹುಡುಕುವ ಮೀನು, ಕತ್ತಲಲ್ಲಿ ನಿಂತಲ್ಲೇ ನಿಂತಿರುತ್ತದೆ. ಮೊದಮೊದಲು ಕೊಳವೆ ಇಲ್ಲದೆ ಮೇಲಿನಿಂದಲೇ ಹಾಕಿ ನೋಡಿದ್ದೆ. ಬಿಲ್ಲೆ ಮುಳುಗುವ ದಾರಿಯಲ್ಲೇ ಎರಡು ಗಂಡು ಎಚ್ಚೆತ್ತು ಎಳೆದಾಡಿದವು. ಕೊಳವೆ ಬಂದ ಮೇಲೆ ಕೋರಿಗಳ ಹೊಟ್ಟೆ ದುಂಡಗಾಯಿತು.

ಬಿಲ್ಲೆಯನ್ನು ನಾನೇ ಮಾಡುತ್ತೇನೆ. ಸಿಗಡಿ, ಬೇಯಿಸಿದ ಬಟಾಣಿ, ಸ್ಪಿರುಲಿನಾ ಪುಡಿ, ಜೆಲಾಟಿನ್. ಇನ್ನೊಂದು ಸಾಮಗ್ರಿ ಇದೆ, ಬಣ್ಣಕ್ಕೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಅಂಗಡಿಯಲ್ಲಿ ಬಣ್ಣದ ಆಹಾರ ಅಂತ ಮಾರುವ ಡಬ್ಬಿಗೆ ಕೊಡುವ ಹಣದಲ್ಲಿ ಇದು ಮೂರು ನಾಲ್ಕು ತಿಂಗಳಿಗೆ ಆಗುತ್ತದೆ.

ಹಣದ ಮಾತು ಬಂದಿತು. ಟ್ಯಾಂಕ್ ನಾಲ್ಕಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ, ನೀರು ಹಿಡಿಯುವುದು 250 ಲೀಟರಿನ ಹತ್ತಿರ. ನನ್ನ ಒಟ್ಟು ಖರ್ಚಿನಲ್ಲಿ ಮೀನಿನ ಪಾಲು ಐದನೇ ಒಂದು ಭಾಗವೂ ಇರಲಿಕ್ಕಿಲ್ಲ. ದೊಡ್ಡ ಪಾಲು ಗಾಜು ಮತ್ತು ಸ್ಟ್ಯಾಂಡ್, ಆಮೇಲೆ ಫಿಲ್ಟರ್. ಎತ್ತರದ ಟ್ಯಾಂಕ್ ಅಗ್ಗಕ್ಕೆ ಸಿಕ್ಕಿತು ಅಂತ ತಂದವರನ್ನು ನೋಡಿದ್ದೇನೆ. ರೇನ್‌ಬೋಗೆ ಎತ್ತರ ದಂಡ, ಉದ್ದ ಬೇಕು. ಉಳಿಸಿದ ಹಣ ಮುಂದೆ ಎರಡರಷ್ಟು ಹೋಗುತ್ತದೆ. ಮುಚ್ಚಳಕ್ಕೆ ಜಿಪುಣತನ ಬೇಡವೇ ಬೇಡ. ರೇನ್‌ಬೋ, ಡೆನಿಸನ್ ಎರಡೂ ಜಿಗಿಯುತ್ತವೆ. ಪೈಪ್ ಇಳಿಬಿಟ್ಟ ಸಂದಿನಿಂದಲೇ ನನ್ನ ಅತಿ ಚಂದದ ಗಂಡೊಂದು ಹೊರಗೆ ಬಿದ್ದು ಒಣಗಿತ್ತು. ಆ ಸಂದಿಗೆ ಈಗ ಸ್ಪಂಜ್ ತುರುಕಿದ್ದೇನೆ.

ಮೀನಿನಲ್ಲಿ ಹಣ ಉಳಿಸುವ ದಾರಿ ಒಂದೇ: ಮೂರು ನಾಲ್ಕು ಸೆಂಟಿಮೀಟರಿನ ಮರಿ ತನ್ನಿ. ಬೆಳೆದ ಗಂಡಿನ ಬೆಲೆಗೆ ನನಗೆ ಮೂರು ಮರಿ ಸಿಕ್ಕಿದವು. ನೋಡಲು ಬೆಳ್ಳಿ ಬಣ್ಣದ ಸಪ್ಪೆ ಮೀನು. ಇದಕ್ಕೆ ಹಣ ಕೊಟ್ಟೆಯಾ ಎಂದು ನಕ್ಕವರಿದ್ದಾರೆ. ಒಂದು ವರ್ಷ ಬಿಡಿ. ಮುಂದಿನ ಅರ್ಧ ನೀಲಿ-ನೇರಳೆ, ಹಿಂದಿನ ಅರ್ಧ ಕಿತ್ತಳೆ. ಒಂದು ಶರತ್ತು, ಹೆಣ್ಣು ಇರಬೇಕು. ಬಣ್ಣ ಇಲ್ಲ ಅಂತ ಹೆಣ್ಣನ್ನು ಯಾರೂ ಕೊಳ್ಳುವುದಿಲ್ಲ, ಅಂಗಡಿಯವರೂ ತರಿಸುವುದಿಲ್ಲ. ಗಂಡುಗಳನ್ನೇ ಇಟ್ಟರೆ ಬಣ್ಣ ಬರುವುದಿಲ್ಲ ಎಂದಲ್ಲ, ಆದರೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ನನ್ನಲ್ಲಿ ನಾಲ್ಕು ಗಂಡು, ಆರು ಹೆಣ್ಣು. ಬೆಳಗ್ಗೆ ದೀಪ ಹತ್ತಿದ ಮೊದಲ ಹೊತ್ತಲ್ಲಿ ಗಂಡು ಹೆಣ್ಣಿನ ಮುಂದೆ ರೆಕ್ಕೆ ಬಿಡಿಸಿ ನಿಲ್ಲುತ್ತದೆ, ಹಣೆಯಿಂದ ಬೆನ್ನಿನವರೆಗೆ ಒಂದು ಬಿಳಿ ಪಟ್ಟಿ ಫಕ್ಕನೆ ಹೊಳೆದು ಆರುತ್ತದೆ. ಬೆಳಗಿನ ಬೆಳಕು ಬೀಳುವ ದಿಕ್ಕಿನಲ್ಲಿ ಒಂದು ಸಣ್ಣ ಕರಾಮತ್ತು ಮಾಡಿದ್ದೇನೆ. ಅದು ನನ್ನ ಬಳಿಯೇ ಇರಲಿ.

ರೇನ್‌ಬೋ ಜೊತೆ ಇನ್ನೊಂದು ಜಾತಿಯ ರೇನ್‌ಬೋ ಹಾಕಬಹುದಾ ಎಂದು ತುಂಬ ಜನ ಕೇಳುತ್ತಾರೆ. ನೋಡಲಿಕ್ಕಾದರೆ ಹಾಕಿ. ಕುಟುಬು ಕೆರೆಯ ಟರ್ಕಾಯ್ಸ್, ಸೆಂಟಾನಿ ಕೆರೆಯ ಕೆಂಪು ರೇನ್‌ಬೋ ಜೊತೆ ಬೋಸ್ಮನಿ ಚೆನ್ನಾಗಿಯೇ ಇರುತ್ತದೆ. ಆದರೆ ಮರಿ ಮಾಡುವ ಆಸೆ ಇದ್ದರೆ ಬೇಡ. ಇವು ಬೆರಕೆಯಾಗುತ್ತವೆ, ಹೆಣ್ಣುಗಳನ್ನು ಗುರುತಿಸುವುದೂ ಕಷ್ಟ. ಪರಿಚಿತರೊಬ್ಬರು ಕೊಟ್ಟ ಬೆರಕೆ ಮರಿಗಳನ್ನು ಸುಮ್ನೆ ಕುತೂಹಲಕ್ಕೆ ಬೆಳೆಸಿ ನೋಡಿದೆ. ಅಪ್ಪನ ಬಣ್ಣವೂ ಇಲ್ಲ, ಅಮ್ಮನ ಗೆರೆಯೂ ಇಲ್ಲ. ತಿಂದಿದ್ದು ಮಾತ್ರ ಎರಡರಷ್ಟು.

ಮರಿ ಮಾಡುವ ಪ್ರಯೋಗ ಪಕ್ಕದಲ್ಲಿ ನಡೆದೇ ಇತ್ತು. ಹಸಿರು ಅಕ್ರಿಲಿಕ್ ನೂಲಿನ ಕುಚ್ಚು ಮಾಡಿ ಬಿಟ್ಟೆ. ಬೆಳಗ್ಗೆ ನಾಲ್ಕೈದು, ಒಮ್ಮೊಮ್ಮೆ ಹತ್ತು ಮೊಟ್ಟೆ ನೂಲಿಗೆ ಅಂಟಿರುತ್ತವೆ. ಗಟ್ಟಿ ಮೊಟ್ಟೆ, ಬೆರಳಲ್ಲೇ ಬಿಡಿಸಬಹುದು. ಒಂದು ವಾರ, ಹತ್ತು ದಿನದಲ್ಲಿ ಒಡೆಯುತ್ತವೆ. ಮೊದಲ ತಂಡ ಪೂರ್ತಿ ಹೋಯಿತು. ಮರಿ ತೀರಾ ಚಿಕ್ಕದು, ನೀರಿನ ಮೇಲ್ಪದರ ಬಿಟ್ಟು ಇಳಿಯುವುದಿಲ್ಲ, ಆರ್ಟೀಮಿಯಾ (ಮೀನುಮರಿಗೆ ಕೊಡುವ ಪುಟ್ಟ ಉಪ್ಪುನೀರಿನ ಸಿಗಡಿ) ಮರಿ ಅದರ ಬಾಯಿಗೆ ಹಿಡಿಸುವುದಿಲ್ಲ. ವಿನಿಗರ್ ಈಲ್ ಎಂಬ ಸೂಕ್ಷ್ಮ ಹುಳು ಕೊಟ್ಟ ಮೇಲೆ ದಾರಿಗೆ ಬಂತು. ಅವು ಮೇಲ್ಪದರದಲ್ಲೇ ಈಜುತ್ತವೆ, ಮರಿಯ ಎದುರಿಗೇ ಇರುತ್ತವೆ. ಒಂದು ವಾರದ ನಂತರ ಆರ್ಟೀಮಿಯಾ ಶುರು. ಬೆಳವಣಿಗೆ ಮಾತ್ರ ಆಮೆ ನಡಿಗೆ. ಎರಡು ತಿಂಗಳಾದರೂ ಎರಡು ಸೆಂಟಿಮೀಟರ್ ತಲುಪಿದ್ದು ಕೆಲವೇ.

ಥ್ರೆಡ್‌ಫಿನ್ ರೇನ್‌ಬೋ ಬಗ್ಗೆ ಎರಡು ಮಾತು, ಯಾಕೆಂದರೆ ಹೆಸರು ಒಂದೇ ಅಂತ ಜನ ಇದನ್ನೂ ಬೋಸ್ಮನಿ ಜೊತೆ ಹಾಕುತ್ತಾರೆ. ನನ್ನ ಲೆಕ್ಕದಲ್ಲಿ ಇದು ಎರಡೂ ಪ್ರಶ್ನೆಗೆ ಫೇಲ್. ನಾಲ್ಕೈದು ಸೆಂಟಿಮೀಟರ್ ಮೀನು, ಸೂಜಿಮೊನೆಯಂಥ ಬಾಯಿ, ಒಂದು ಫ್ಲೇಕ್ ಚೂರಿನ ಮುಂದೆ ನಿಂತು ಯೋಚಿಸುತ್ತದೆ. ಇದಕ್ಕೆ ಎರಡಡಿಯ ಬೇರೆ ಟ್ಯಾಂಕ್ ಮಾಡಿದೆ. ಜೊತೆಗೆ ಪಿಗ್ಮಿ ಕೋರಿ ಮತ್ತು ಚೆರಿ ಸಿಗಡಿ. ದೊಡ್ಡ ಟ್ಯಾಂಕಿನಲ್ಲಿ ಚೆರಿ ಸಿಗಡಿ ಬೋಸ್ಮನಿಗೆ ತಿಂಡಿಯಾಗಿತ್ತು, ಇಲ್ಲಿ ನೂರರ ಹತ್ತಿರ ಆಗಿವೆ. ಆಹಾರ ಪುಡಿ ಮಾಡಿ ಹಾಕಬೇಕು, ದಿನಕ್ಕೆ ಮೂರು ಸಲ. ನಿಯಾನ್ ಡ್ವಾರ್ಫ್, ಅಂದರೆ ಪ್ರೀಕಾಕ್ಸ್, ಬೋಸ್ಮನಿ ಮತ್ತು ಥ್ರೆಡ್‌ಫಿನ್ ನಡುವೆ ಬರುತ್ತದೆ. ಐದಾರು ಸೆಂಟಿಮೀಟರ್ ಅಷ್ಟೇ, ಆದರೆ ವೇಗ ಪೂರ್ತಿ ರೇನ್‌ಬೋದ್ದು. ನಾಲ್ಕಡಿ ಇಡಲು ಜಾಗ ಇಲ್ಲದವರು ಮೂರಡಿಯಲ್ಲಿ ಇದರ ಹತ್ತನ್ನು ಕೋರಿ ಜೊತೆ ಇಡಿ. ಕೊಳವೆಯ ಉಪಾಯ ಅದಕ್ಕೂ ನಡೆಯುತ್ತದೆ.

ಹೊಸ ಮೀನು ಯಾವುದೇ ಇರಲಿ, ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ಇಟ್ಟೇ ಒಳಗೆ ಬಿಡುವುದು. ಈ ಬೇರೆ ಟ್ಯಾಂಕಿಗೆ ಆದದ್ದು ಒಂದು ಸ್ಪಂಜ್ ಫಿಲ್ಟರ್, ಒಂದು ಪ್ಲಾಸ್ಟಿಕ್ ಡಬ್ಬಿಯ ಖರ್ಚು. ಕಳೆದ ಸಲ ತಂದ ಕೋರಿಗಳಲ್ಲಿ ಬಿಳಿ ಚುಕ್ಕೆ ರೋಗ ಬಂದಿದ್ದು ಆ ಡಬ್ಬಿಯಲ್ಲೇ, ಅಲ್ಲೇ ಮುಗಿಯಿತು. ಈಗ ಅದೇ ಡಬ್ಬಿಯಲ್ಲಿ ಎಂಟು ಕೂಲಿ ಲೋಚ್ ಇವೆ. ರಾತ್ರಿ ತಿನ್ನುವ ಮೀನು, ಮರಳಲ್ಲಿ ಹೂತುಕೊಳ್ಳುತ್ತದೆ, ಲೆಕ್ಕಕ್ಕೆ ಸರಿಹೊಂದುತ್ತದೆ. ಕೋರಿಯ ಬಿಲ್ಲೆಗೆ ಪಾಲು ಕೇಳುತ್ತವಾ ಅನ್ನುವುದೊಂದೇ ನೋಡಬೇಕು. ಕೇಳಿದರೆ ಇನ್ನೊಂದು ತುದಿಗೆ ಇನ್ನೊಂದು ಕೊಳವೆ.