24ರ ಸಂಜೆ ನಾಲ್ಕಕ್ಕೆ ಬಾಣಲೆ ಬೋರಲು

2011ರ ಕ್ರಿಸ್ಮಸ್ ದಿನ ನಾನು ಚರ್ಚಿನ ಕಾಣಿಕೆ ಚೀಲಕ್ಕೆ ಮಟನ್ ಅಂಗಡಿ ಚೀಟಿ ಹಾಕಿದ್ದೆ. ಸುಳ್ಳಲ್ಲ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ಕರ್ಚಿಕಾಯಿ ಕರಿದಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು 22 ಜನರ ಬಿರಿಯಾನಿಗೆ ಈರುಳ್ಳಿ ಹೆಚ್ಚಿಟ್ಟು, ಹೇಗೋ ಸೀರೆ ಸುತ್ತಿಕೊಂಡು ಆರಾಧನೆಗೆ ಓಡಿದ್ದೆ. ಪ್ರಸಂಗದ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಕಾಣಿಕೆ ಚೀಲ ಬಂತು. ಪರ್ಸಿಗೆ ಕೈ ಹಾಕಿ, ಸಿಕ್ಕಿದ ಮಡಿಚಿದ ಕಾಗದ ತೆಗೆದು ಹಾಕಿದೆ. ಕಾಣಿಕೆ ಕವರ್ ಪರ್ಸಿನಲ್ಲೇ ಉಳಿಯಿತು. ಸಂಜೆ ಖಜಾಂಚಿ ಅಂಕಲ್ ಫೋನ್ ಮಾಡಿ, "ಏನಮ್ಮಾ, ಬಿರಿಯಾನಿ ಪೀಸ್ 5 ಕೆಜಿ, ಕೈಮಾ 1 ಕೆಜಿ ಅಂತ ಬರೆದಿದೆ. ಯಾವ ಲೆಕ್ಕಕ್ಕೆ ಸೇರಿಸಲಿ?" ಅಂದರು.

ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಆ ವರ್ಷ ಹಬ್ಬಕ್ಕೆ ಅಂತ ಬೆಟಗೇರಿಯಿಂದ ಬೆಂಗಳೂರಿಗೆ ಬಂದಿದ್ದಳು. "ಹಬ್ಬ ಯಾರದವಾ? ಕರ್ಚಿಕಾಯಿದೋ, ಕರ್ತಂದೋ?" ಅಂತ ಕೇಳಿದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಯೋಚನೆ ಮಾಡಿದರೆ ಅವತ್ತು ನನಗೆ ಕಡಿಮೆಯಾಗಿದ್ದು ಭಕ್ತಿ ಅಲ್ಲ, ನಿದ್ದೆ. ಹಬ್ಬದ ಕೆಲಸ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಮೊದಲು ತುಂಬಿಸಿ, ಉಳಿದ ಸಂದಿಯಲ್ಲಿ ಆರಾಧನೆಯನ್ನು ತುರುಕಿದ್ದೆ. ಈಗ ಉಲ್ಟಾ ಮಾಡುತ್ತೇನೆ. ಹಬ್ಬದ ಗಡಿಬಿಡಿಯಲ್ಲಿ ಆರಾಧನೆಗೆ ಹೇಗೆ ಜಾಗ ಮಾಡುವುದು ಅಂತ ನಮ್ಮ ಸಂಡೇ ಸ್ಕೂಲಿನ ಮಕ್ಕಳ ತಾಯಂದಿರು ಕೇಳಿದಾಗಲೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕೆಂಪು ಪೆನ್ನು

ಅಡ್ವೆಂಟ್, ಅಂದರೆ ಕ್ರಿಸ್ಮಸ್ಸಿಗೆ ಕಾದು ಸಿದ್ಧವಾಗುವ ಕಾಲ, ಶುರುವಾಗುವುದು ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕನೇ ಭಾನುವಾರ. ಅದು ಯಾವಾಗಲೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೇ ಬೀಳುತ್ತದೆ. ಆ ವಾರವೇ ಚರ್ಚಿನ ನೋಟೀಸು ತಂದು, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ: ನಾಲ್ಕು ಭಾನುವಾರ, ಕ್ಯಾರೊಲ್ (ಕ್ರಿಸ್ಮಸ್ ಹಾಡು) ಆರಾಧನೆ, 24ರ ರಾತ್ರಿ, 25ರ ಬೆಳಿಗ್ಗೆ, ಹೊಸ ವರ್ಷಕ್ಕೆ ಕಾಯುವ ರಾತ್ರಿ ಆರಾಧನೆ ಅಂದರೆ 31ರ ವಾಚ್‌ನೈಟ್. ಶಾಪಿಂಗ್, ನೆಂಟರು, ಕೇಕು ಎಲ್ಲ ಆಮೇಲೆ ನೀಲಿ ಪೆನ್ನಿನಲ್ಲಿ. ಕೆಂಪಿನ ಮೇಲೆ ನೀಲಿ ಬರೆಯುವ ಹಾಗಿಲ್ಲ. ನಮ್ಮ ಮನೆಯ ಕಾನೂನು ಇದೊಂದೇ.

ಇನ್ನು ಕೆಲಸವನ್ನು ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಕೇಕಿನ ಒಣಹಣ್ಣನ್ನು ನವೆಂಬರಿನಲ್ಲೇ ದ್ರಾಕ್ಷಿ ರಸದಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿ ಇಟ್ಟುಬಿಡಿ. ಚಕ್ಕುಲಿ, ಶಂಕರಪೋಳೆ 15ರ ಸುಮಾರಿಗೆ ಮುಗಿಯಲಿ. ಕರ್ಚಿಕಾಯಿಯನ್ನು ನಾನು 18ಕ್ಕೇ ಕರಿಯುತ್ತೇನೆ. "ಅಷ್ಟು ಬೇಗನಾ?" ಅನ್ನಬೇಡಿ. ಹೂರಣಕ್ಕೆ ಹಸಿ ಕಾಯಿ ಹಾಕಿದರೆ ಮೂರೇ ದಿನಕ್ಕೆ ವಾಸನೆ ಬರುತ್ತದೆ. ಒಣಕೊಬ್ಬರಿ, ಪುಟಾಣಿ ಹಿಟ್ಟು, ಸಕ್ಕರೆ, ಗಸಗಸೆ, ಏಲಕ್ಕಿ ಮಾತ್ರ ಹಾಕಿ, ಎಲ್ಲವನ್ನೂ ಬೆಚ್ಚಗೆ ಹುರಿದುಕೊಂಡು ತುಂಬಿದರೆ ಡಬ್ಬಿಯಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ. ಕಣಕಕ್ಕೆ ಬಿಸಿ ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ.

24ರ ಸಂಜೆ ನಾಲ್ಕಕ್ಕೆ ಬಾಣಲೆ ತೊಳೆದು ಬೋರಲು ಹಾಕುತ್ತೇನೆ. ಆಮೇಲೆ ಯಾರು ಬಂದು ಏನು ಕೇಳಿದರೂ ಒಲೆ ಹಚ್ಚುವುದಿಲ್ಲ, ಹಾಲು ಕಾಯಿಸುವುದು ಬಿಟ್ಟು. ಮೊದಲ ವರ್ಷ ಅತ್ತೆ ಮುಖ ಸಿಂಡರಿಸಿದ್ದರು. ಈಗ ಮೂರೂಮುಕ್ಕಾಲಿಗೇ "ಬಾಣಲೆ ಟೈಮ್ ಆಯ್ತು" ಅಂತ ಅವರೇ ಕೂಗುತ್ತಾರೆ.

ರಾತ್ರಿ ಊಟ ಆದಮೇಲೆ 12 ನಿಮಿಷ

ಸತ್ಯವೇದದ (ಬೈಬಲ್ಲಿನ) ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇವೆ. ಡಿಸೆಂಬರ್ ಒಂದರಿಂದ ದಿನಕ್ಕೊಂದು ಓದಿದರೆ 24ಕ್ಕೆ ಮುಗಿಯುತ್ತದೆ. ತುಂಬಾ ಮನೆಗಳಲ್ಲಿ ಮಾಡುತ್ತಾರೆ, ತುಂಬಾ ಮನೆಗಳಲ್ಲಿ ಮೊದಲ ದಿನವೇ ಬಿಟ್ಟೂ ಬಿಡುತ್ತಾರೆ. ಯಾಕೆಂದರೆ ಮೊದಲ ಅಧ್ಯಾಯದಲ್ಲೇ 80 ವಚನ! ಮಕ್ಕಳು ಆಕಳಿಸುತ್ತಾರೆ, ಯಜಮಾನರು ಗಡಿಯಾರ ನೋಡುತ್ತಾರೆ. ಅದಕ್ಕೆ ನಾವು ನವೆಂಬರಿನ ಕೊನೆಯ ಎರಡು ದಿನವನ್ನೂ ಸೇರಿಸಿಕೊಂಡು, ಆ ಒಂದು ಅಧ್ಯಾಯವನ್ನು ಮೂರು ತುಂಡು ಮಾಡುತ್ತೇವೆ. ಜಕರೀಯನ ಕಥೆ ಒಂದು ದಿನ, ಮರಿಯಳ ಕಥೆ ಒಂದು ದಿನ, ಯೋಹಾನ ಹುಟ್ಟಿದ್ದು ಇನ್ನೊಂದು ದಿನ.

ಒಂದು ಹಾಡು, ಓದು, ಚಿಕ್ಕ ಪ್ರಾರ್ಥನೆ. ಫೋನುಗಳೆಲ್ಲ ಶಂಕರಪೋಳೆ ಡಬ್ಬಿಯ ಪಕ್ಕದ ಖಾಲಿ ಡಬ್ಬಿಗೆ, ನನ್ನದೂ ಸೇರಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಸತ್ಯವೇದದ ಕನ್ನಡ ತಡವರಿಸುತ್ತದೆ. ಬೈಯಬೇಡಿ, ಎರಡೇ ವಚನ ಕೊಡಿ. ಉಳಿದದ್ದನ್ನು ಅಜ್ಜಿ ಓದಲಿ.

ತಡವರಿಸಿದರೂ ಕನ್ನಡದಲ್ಲೇ ಯಾಕೆ ಓದಬೇಕು ಅಂದರೆ, ಒಂದು ಸಂಗತಿ ಹೇಳುತ್ತೇನೆ. ಮಗನಿಗೆ ಆಗ ಆರು ವರ್ಷ. ಎರಡನೇ ಅಧ್ಯಾಯ ಓದುತ್ತಿದ್ದೆವು. ಬಸುರಿ ಮರಿಯಳಿಗೂ ಯೋಸೇಫನಿಗೂ ಛತ್ರದಲ್ಲಿ ಸ್ಥಳ ಇರಲಿಲ್ಲ ಅಂತ ಬಂತು. ಅವನು ತಲೆ ಎತ್ತಿ, "ಛತ್ರದಲ್ಲಿ ಯಾರದ್ದಾದ್ರೂ ಮದುವೆ ಇತ್ತಾ?" ಅಂದ. ಅವನಿಗೆ ಗೊತ್ತಿದ್ದ ಛತ್ರ ನಮ್ಮ ಬೀದಿ ತುದಿಯದ್ದು. ಜನರೇಟರ್ ಶಬ್ದ, ಬಾಳೆಕಂಬ, ಹೊರಗೆ ಕಾರು. ಅಷ್ಟು ಬೆಳಕಿನ ಛತ್ರದ ಗೇಟಿನಿಂದ ಬಸುರಿಯನ್ನು ವಾಪಸ್ ಕಳಿಸಿದರಾ? ಆಮೇಲೆ ಎಲ್ಲಿಗೆ ಹೋದರು? ನಮ್ಮ ಮನೆ ಬಾಗಿಲು ತಟ್ಟಿದ್ದರೆ ನೀನು ತೆಗೀತಿದ್ದೆಯಾ? ಅವತ್ತು 12 ನಿಮಿಷ ಮುಕ್ಕಾಲು ಗಂಟೆ ಆಯಿತು. ಇಂಗ್ಲಿಷಿನ ‘ಇನ್’ ಅನ್ನುವ ಮಾತಿಗೆ ಅವನು ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಕ್ರಿಸ್ಮಸ್ ಹಿಂದಿನ ರಾತ್ರಿ 24ನೇ ಅಧ್ಯಾಯ ಅಂದರೆ ಪುನರುತ್ಥಾನ, ಯೇಸು ಸತ್ತು ಸಮಾಧಿಯಿಂದ ಎದ್ದ ಕಥೆ, ಓದಬೇಕಾಗುತ್ತದೆ. "ಹುಟ್ಟೋ ದಿನ ಸಮಾಧಿ ಕಥೆ ಯಾಕೆ?" ಅಂತ ನಾದಿನಿ ಕೇಳಿದ್ದಳು. ಹುಟ್ಟಿದವನು ಯಾರು ಅಂತ ಗೊತ್ತಾದರೆ ತಾನೇ ಹುಟ್ಟುಹಬ್ಬ? ನಾವು ಅದನ್ನು ಮಧ್ಯಾಹ್ನವೇ ಓದಿ ಮುಗಿಸಿ, ರಾತ್ರಿ ಮತ್ತೆ ಎರಡನೇ ಅಧ್ಯಾಯದ ಮೊದಲ 20 ವಚನಕ್ಕೆ ಬರುತ್ತೇವೆ.

ಭಾನುವಾರಗಳಂದು ಮೇಣದಬತ್ತಿ ಹಚ್ಚುತ್ತೇವೆ. ಒಂದನೇ ವಾರ ಒಂದು, ಎರಡನೇ ವಾರ ಎರಡು, ಹೀಗೆ. ಇದು ಜರ್ಮನಿಯ ಪದ್ಧತಿ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಅನ್ನುವವರಿಗೆ ಮಕ್ಕಳು ದಿನಾ "ಕ್ರಿಸ್ಮಸ್ ಯಾವಾಗ?" ಅಂತ ಪೀಡಿಸುತ್ತಿದ್ದರಂತೆ. ಅವರು ಗಾಡಿಯ ಚಕ್ರಕ್ಕೆ ದಿನಕ್ಕೊಂದು ಸಣ್ಣ ಬತ್ತಿ, ಭಾನುವಾರಕ್ಕೊಂದು ದೊಡ್ಡ ಬತ್ತಿ ಸಿಕ್ಕಿಸಿ ಲೆಕ್ಕ ಕಲಿಸಿದರು. ನಮ್ಮದು ಚಕ್ರ ಅಲ್ಲ, ಸ್ಟೀಲ್ ತಟ್ಟೆ, ಮರಳು, ಸುತ್ತ ಅಶೋಕ ಮರದ ಎಲೆ. ಓದಲು ಯೆಶಾಯ 9, ಯೆಶಾಯ 40, ಮೀಕ 5, ನಾಲ್ಕನೇ ವಾರಕ್ಕೆ ಲೂಕ 1ರಲ್ಲಿರುವ ಮರಿಯಳ ಹಾಡು. ಬತ್ತಿ ಸಿಕ್ಕಿಸುವ ಎಲೆಹಾರವನ್ನು ಅಂಗಡಿಯಲ್ಲಿ ಕೊಂಡರೂ ತಪ್ಪೇನಿಲ್ಲ, ಸುಮ್ನೆ ದುಬಾರಿ.

ಖಾಲಿ ಗೋದಲಿ

ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದಾದರೆ ರಾಗಿಯನ್ನು 12ನೇ ತಾರೀಖು ನೆನೆಹಾಕಿ, 13ಕ್ಕೆ ತಟ್ಟೆಯ ಮಣ್ಣಿನಲ್ಲಿ ಬಿತ್ತಿ. 24ಕ್ಕೆ ಹಸಿರು ಪೈರು ನಿಂತಿರುತ್ತದೆ. ನೀರು ಚಿಮುಕಿಸಿ ಸಾಕು, ಸುರಿದರೆ ಕೊಳೆಯುತ್ತದೆ. ಮಕ್ಕಳಿಗೆ ಈ ಕೆಲಸ ವಹಿಸಿ.

ಆದರೆ ಮಗುವಿನ ಬೊಂಬೆ ಇಡಬೇಡಿ. 24ರ ರಾತ್ರಿ ಆರಾಧನೆ ಮುಗಿಸಿ ಬಂದು ಇಡಬೇಕು. ಅಲ್ಲಿವರೆಗೆ ನಮ್ಮ ಮನೆಯ ಮಗು ಸಾಸಿವೆ ಡಬ್ಬಿಯಲ್ಲಿ ಮಲಗಿರುತ್ತದೆ. ದಿನಾ ಒಗ್ಗರಣೆ ಹಾಕುವಾಗ ನೋಡುತ್ತೇನೆ. ನನಗಂತೂ ಕಾಯುವುದು ಅಂದರೇನು ಅಂತ ಅರ್ಥವಾಗುವುದು ಆ ಡಬ್ಬಿ ತೆರೆದಾಗಲೇ. ನಕ್ಷತ್ರ ನೋಡಿ ಮಗುವನ್ನು ಹುಡುಕಿ ಬಂದ ಮೂಡಣ ದೇಶದ ಜೋಯಿಸರು (ಅವರೂ ಬೊಂಬೆಗಳೇ) ಮಾತ್ರ ಟಿವಿ ಸ್ಟ್ಯಾಂಡಿನಿಂದ ಹೊರಡುತ್ತಾರೆ. ದಿನಕ್ಕೊಂದು ಗೇಣು ಮುಂದೆ ಸರಿದು, ಫ್ರಿಜ್ ದಾಟಿ, ಜನವರಿ 6ಕ್ಕೆ ಗೋದಲಿ ಮುಟ್ಟುತ್ತಾರೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ ತಂದು, ಹುಲ್ಲು ತುಂಬಿದ ಗೋದಲಿ ಇಟ್ಟು ಅಲ್ಲೇ ಪೂಜೆ ಮಾಡಿಸಿದರು. ಆರಾಧನೆ ಕಣ್ಣಿಗೆ ಕಾಣಲಿ ಅಂತ ಮಾಡಿದ್ದು ಅದು. ಈಗಿನ ಸೀರಿಯಲ್ ಸೆಟ್ ಬಲ್ಬು, ಪ್ಲಾಸ್ಟಿಕ್ ಜಲಪಾತ ನೋಡಿದರೆ ಅವರು ಏನು ಅನ್ನುತ್ತಿದ್ದರೋ.

ಕ್ಯಾರೊಲ್ ರೌಂಡ್ಸ್

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಕ್ಷಮಿಸಿ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ತಂಡ ಕ್ಯಾರೊಲ್ ಹಾಡಲು ಒಂದೇ ರಾತ್ರಿ 14 ಮನೆಗೆ ಹೋಯಿತು. ಪ್ರತಿ ಮನೆಯಲ್ಲೂ ಕೇಕು, ಚಕ್ಕುಲಿ, ಜ್ಯೂಸು. ಒಂಬತ್ತನೇ ಮನೆ ಹೊತ್ತಿಗೆ ಯಾರಿಗೂ ದನಿ ಏಳುತ್ತಿಲ್ಲ. ಎಲ್ಲಾ ಮನೆಯಲ್ಲೂ ಒಂದೇ ಇಂಗ್ಲಿಷ್ ಹಾಡು, ಅದೂ ಒಂದೇ ಚರಣ. ಪಾರ್ಶ್ವವಾಯು ಆಗಿ ಮಲಗಿದ್ದ ಒಬ್ಬ ಅಜ್ಜನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ತಲುಪುವಾಗ ರಾತ್ರಿ ಹನ್ನೊಂದೂಕಾಲು. ಅಜ್ಜ ಸಂಜೆಯಿಂದ ಕಾದು ನಿದ್ದೆ ಹೋಗಿದ್ದರು. ಬಾಗಿಲಲ್ಲೇ ನಿಂತು ಕೇಕು ಕೊಟ್ಟು ಬಂದೆವು.

ಮುಂದಿನ ವರ್ಷ ಪಟ್ಟಿ ಬರೆಯುವ ಕೆಲಸ ನಾನೇ ತೆಗೆದುಕೊಂಡೆ. ಸಂಜೆಗೆ ಆರೇ ಮನೆ. ಮೊದಲು ಕಾಯಿಲೆಯವರ ಮನೆ, ಆ ವರ್ಷ ಸಾವಾದ ಮನೆ. ತಿಂಡಿ ಕೊನೆಯ ಮನೆಯಲ್ಲಿ ಮಾತ್ರ. ಉಳಿದವರಿಗೆ ಮೊದಲೇ ಫೋನ್ ಮಾಡಿ ತಿಳಿಸಿದ್ದೆ. ಪ್ರತಿ ಮನೆಯಲ್ಲೂ ನಾಲ್ಕೈದು ವಚನ ಓದಿ, ಒಂದು ಕನ್ನಡ ಹಾಡನ್ನು ಎಲ್ಲಾ ಚರಣ ಹಾಡಿ, ಆ ಮನೆಯವರ ಹೆಸರು ಹಿಡಿದು ಪ್ರಾರ್ಥನೆ. ರಾತ್ರಿ ಹತ್ತಕ್ಕೆ ಮುಂಚೆ ಮನೆಗೆ ವಾಪಸ್.

ಆ ಅಜ್ಜನ ಮನೆಗೆ ಆರೂವರೆಗೇ ಹೋದೆವು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂರಿಸಿದ ಹಾಡುಗಳು ನಮ್ಮ ಸಭೆಗಳಲ್ಲಿ ತುಂಬಾ ಇವೆ. ಈಗಿನ ಹುಡುಗರಿಗೆ ನಿಧಾನ ಅನ್ನಿಸುತ್ತವೆ. ಅಂಥದ್ದೇ ಒಂದನ್ನು ಎತ್ತಿಕೊಂಡೆವು. ಅಜ್ಜನಿಗೆ ಮಾತು ಹೋಗಿತ್ತು. ಎರಡನೇ ಚರಣಕ್ಕೆ ಅವರ ಎಡಗೈಯ ಒಂದು ಬೆರಳು ಮಂಚದ ಕಬ್ಬಿಣದ ಮೇಲೆ ತಾಳ ಹಾಕತೊಡಗಿತು. ನಮ್ಮ ಗಿಟಾರ್ ಹುಡುಗ ವೇಗವಾಗಿ ನುಡಿಸುತ್ತಿದ್ದ. ಬೆರಳು ನೋಡಿ ಅವನೇ ನಿಧಾನ ಮಾಡಿದ. ಐದು ಚರಣವೂ ಆ ಬೆರಳಿನ ತಾಳದಲ್ಲೇ ಮುಗಿಯಿತು.

ಕ್ರಿಸ್ಮಸ್ ತಾತನ ಬಗ್ಗೆ ಕೇಳುತ್ತಾರೆ. ನನಗೆ ತಾತನ ಮೇಲೆ ದ್ವೇಷ ಇಲ್ಲ. ಮೂಲದಲ್ಲಿ ಅವನು ಮೀರಾ ಪಟ್ಟಣದ ಬಿಷಪ್ ನಿಕೊಲಾಸ್. ಆ ಊರು ಈಗಿನ ಟರ್ಕಿಯಲ್ಲಿದೆ. ಅವನ ದಿನ ಡಿಸೆಂಬರ್ 6. ಚಾಕೊಲೇಟು ಅವತ್ತೇ ಹಂಚಿಬಿಡಿ. ಆರಾಧನೆಯ ಕೊನೆಯ ಆಶೀರ್ವಾದಕ್ಕೆ ಮುಂಚೆ ಅವನನ್ನು ಗಂಟೆ ಬಾರಿಸುತ್ತಾ ಒಳಗೆ ಕರೆತಂದರೆ ಮಕ್ಕಳಿಗೆ ಬೇರೇನೂ ನೆನಪಿರುವುದಿಲ್ಲ.

25ರ ಬೆಳಿಗ್ಗೆ

ಬಟ್ಟೆ ಇಸ್ತ್ರಿ ಮಾಡಿ ಹಿಂದಿನ ದಿನವೇ ನೇತುಹಾಕಿ. ಕಾಣಿಕೆ ಕವರ್ ಪರ್ಸಿನ ಹೊರಜೇಬಿಗೆ, ಅಂಗಡಿ ಚೀಟಿಗಳೆಲ್ಲ ಮನೆಯಲ್ಲೇ (ಇದನ್ನು ಯಾರು ಹೇಳುತ್ತಿದ್ದಾರೆ ನೋಡಿ). ಬಿರಿಯಾನಿ ನಾನು ಬಿಟ್ಟಿಲ್ಲ. ಅದು 26ಕ್ಕೆ ಹೋಗಿದೆ, ನೆಂಟರೂ ಅವತ್ತೇ ಬರುತ್ತಾರೆ. 25ಕ್ಕೆ ಪಲಾವು, ಕೋಳಿ ಸಾರು. ಕೋಳಿಗೆ ಮಸಾಲೆ ಹಿಂದಿನ ದಿನವೇ ಹಚ್ಚಿ ಫ್ರಿಜ್ಜಿನಲ್ಲಿ ಇಟ್ಟಿರುತ್ತೇನೆ. ಚರ್ಚಿನಿಂದ ಬಂದು ಒಂದು ಗಂಟೆಯಲ್ಲಿ ಊಟ. ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರಕ್ಕೆ, ಮೊಣಕಾಲೂರಿದಾಗ ಈಗ ತಲೆಯಲ್ಲಿ ಕುಕ್ಕರ್ ಕೂಗುವುದಿಲ್ಲ.

ಮನೆಯಲ್ಲಿ ನರ್ಸು, ಪೊಲೀಸು, ಡ್ರೈವರ್ ಇದ್ದರೆ ಅವರ ಡ್ಯೂಟಿ ನೋಡಿಕೊಂಡು ಮನೆಯ ಪ್ರಾರ್ಥನೆಯನ್ನು ಮುಂದಕ್ಕೆ ಹಿಂದಕ್ಕೆ ಮಾಡಿ. ಬೆಟಗೇರಿಯ ಜರ್ಮನ್ ದವಾಖಾನೆಯಲ್ಲಿ ಅವ್ವ ನರ್ಸ್ ಆಗಿದ್ದಳು. ಎಷ್ಟೋ ವರ್ಷ ನಮ್ಮ ಮನೆಯ ಕ್ರಿಸ್ಮಸ್ ರಾತ್ರಿ ಪಾಳಿ ಮುಗಿದಮೇಲೆ, ಯೂನಿಫಾರ್ಮಿನಲ್ಲೇ ಅವಳು ಚಾಪೆ ಮೇಲೆ ಕೂತು ಓದಿದಾಗಲೇ ಶುರುವಾಗುತ್ತಿತ್ತು.

ಪಕ್ಕದ ಮನೆಯವರಿಗೆ ತಿಂಡಿ ತಟ್ಟೆ ಸಂಜೆ ಕೊಡಿ, ನೀವೇ ಹೋಗಿ ಕೊಡಿ. "ನಿಮ್ಮ ಚರ್ಚಿನಲ್ಲಿ ಏನು ಮಾಡ್ತೀರಿ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಎರಡು ಮಾತಿನಲ್ಲಿ ಹೇಳಿ. ಬರುತ್ತೇನೆ ಅಂದರೆ ಮುಂದಿನ ವರ್ಷದ ಕ್ಯಾರೊಲ್ ಆರಾಧನೆಗೆ ಕರೆಯಿರಿ, ಒತ್ತಾಯ ಬೇಡ.

ನಕ್ಷತ್ರವನ್ನು 26ಕ್ಕೇ ಇಳಿಸಬೇಡಿ. ಜೋಯಿಸರು ಇನ್ನೂ ಫ್ರಿಜ್ ಹತ್ತಿರ ಇರುತ್ತಾರೆ. ಜನವರಿ 6ರ ಸಂಜೆ ಮತ್ತಾಯ 2 ಓದಿ, ಅವರನ್ನು ಗೋದಲಿಗೆ ಮುಟ್ಟಿಸಿ, ಆಮೇಲೆ ಎಲ್ಲ ಇಳಿಸಿ. ಅವತ್ತಿಗೆ ಅಂತ ಮನೆಯಲ್ಲಿ ಎಷ್ಟು ಜನರೋ ಅಷ್ಟು ಕರ್ಚಿಕಾಯಿ ಮೊದಲೇ ಬೇರೆ ಡಬ್ಬಿಯಲ್ಲಿ ಬಚ್ಚಿಡಿ. ಸ್ವಲ್ಪ ಮೆತ್ತಗಾಗಿರುತ್ತವೆ, ಚಹಾ ಜೊತೆ ನಡೆಯುತ್ತದೆ.