ಆಫ್ರಿಕದ ಏಕತೆಯ ವಾದ: ಆರು ಕೂಟಗಳಲ್ಲಿ ಓದುವ ಕ್ರಮ

ಆಫ್ರಿಕನ್ನರೆಲ್ಲ ಒಂದಾಗಬೇಕೆನ್ನುವ ಪ್ಯಾನ್-ಆಫ್ರಿಕನ್ ಚಿಂತನೆಯನ್ನು ಓದಲು ಹೊರಟವರು ಸಾಮಾನ್ಯವಾಗಿ ನಾಯಕರ ಜೀವನಚರಿತ್ರೆಯಿಂದ ಶುರುಮಾಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಘಾನಾದ ಎನ್‌ಕ್ರುಮಾ, ಟಾಂಗಾನಿಕದ (ಇಂದಿನ ಟಾಂಜಾನಿಯ) ನೈರೇರೆ, ಗಿನಿಯ ಸೆಕು ಟೂರೆ, ಗಿನಿ-ಬಿಸ್ಸಾವ್‌ನ ಕಬ್ರಾಲ್ ಎಲ್ಲರೂ ಒಂದೇ ಮಾತು ಆಡಿದ ಮಹಾಪುರುಷರಂತೆ ಕಾಣತೊಡಗುತ್ತಾರೆ. ಅಲ್ಲಿಗೆ ಓದು ಕೆಟ್ಟಿತು. ಅವರು ಒಂದೇ ಗುರಿಯ ಬಗ್ಗೆ ಗಟ್ಟಿಯಾಗಿ ವಾದಕ್ಕಿಳಿದವರು. ಯಾವಾಗ ಒಂದಾಗಬೇಕು, ಎಷ್ಟು ಒಂದಾಗಬೇಕು, ಮೊದಲು ಏನನ್ನು ಬಿಟ್ಟುಕೊಡಬೇಕು ಎಂಬುದರ ಮೇಲೆಯೇ ವಾದ. ಅದು ಕಿವಿಗೆ ಬೀಳಬೇಕಾದರೆ ದಾಖಲೆ, ತಾರೀಖು, ನಕಾಶೆ ಮೂರನ್ನೂ ಮೇಜಿನ ಮೇಲೆ ಒಟ್ಟಿಗೆ ಹರಡಿಕೊಂಡು ಓದಬೇಕು.

ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಓದುಕೂಟ ಹೋಗಿ ಭಾಷಣವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಕೂತರೆ ಮೂರು ತಿಂಗಳಲ್ಲಿ ಆರು ಕೂಟ ಮುಗಿಯುತ್ತವೆ. ಪ್ರತಿಯೊಬ್ಬರಿಗೂ ಆಫ್ರಿಕದ ನಾಲ್ಕು ಖಾಲಿ ನಕಾಶೆ, ಮೂರು ಬಣ್ಣದ ಪೆನ್ಸಿಲ್, 1963ರ ಆಫ್ರಿಕನ್ ಏಕತಾ ಸಂಘಟನೆಯ ಸನ್ನದು, ಅದರ ಜಾಗಕ್ಕೆ ಬಂದ ಆಫ್ರಿಕನ್ ಒಕ್ಕೂಟದ 2000ದ ಸ್ಥಾಪನಾ ಕಾಯ್ದೆ, 1963ರ ಮೇ 24ರಂದು ಎನ್‌ಕ್ರುಮಾ ಅಡಿಸ್ ಅಬಾಬಾದಲ್ಲಿ ಮಾಡಿದ ಭಾಷಣ ಇವಿಷ್ಟರ ಜೆರಾಕ್ಸ್ ಇರಲಿ. ಸನ್ನದಿನಲ್ಲಿಯೂ ಕಾಯ್ದೆಯಲ್ಲಿಯೂ 33 ವಿಧಿಗಳೇ. ಎರಡೂ ಚಿಕ್ಕವು, ಒಂದೇ ಕೂರುವಿಕೆಯಲ್ಲಿ ಓದಿ ಮುಗಿಸಬಹುದು.

ಕನ್ನಡದ ಪದಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಿ

ಇದನ್ನು ಬಿಟ್ಟರೆ ಮುಂದೆ ಎಲ್ಲ ಕಲಸುಮೇಲೋಗರ. ‘ಏಕತೆ’ ಎಂದರೆ ರಾಜ್ಯಗಳು ಸ್ವತಂತ್ರವಾಗಿಯೇ ಉಳಿದು ಕೈಜೋಡಿಸುವುದು. ‘ಒಕ್ಕೂಟ ಸರ್ಕಾರ’ ಎಂದರೆ ಅವುಗಳ ಮೇಲೆ ಇನ್ನೊಂದು ಸರ್ಕಾರ ಇರುವುದು. 1963ರಲ್ಲಿ ಏಕತಾ ಸಂಘಟನೆ ಕಟ್ಟುವಾಗಿನ ಜಗಳ ಈ ಎರಡು ಪದಗಳ ನಡುವಿನದು. ನಮ್ಮಲ್ಲಿ ‘ಐಕ್ಯ’ ಎಂದು ಬರೆದು ಎರಡನ್ನೂ ಮುಚ್ಚಿಬಿಡುವ ರೂಢಿ ಇದೆ. ‘ಏಕೀಕರಣ’ ಎಂಬ ಪದವನ್ನಂತೂ ಇಲ್ಲಿ ಬಳಸಲೇಬೇಡಿ. ಕನ್ನಡಿಗರ ಕಿವಿಗೆ ಅದು 1956 ಎಂದೇ ಕೇಳುತ್ತದೆ. ಅಲ್ಲಿ ಸೇರಿದ್ದು ಒಂದೇ ನುಡಿಯ ಪ್ರದೇಶಗಳು, ಸೇರಿದ್ದೂ ಅದಾಗಲೇ ಇದ್ದ ಒಂದು ಗಣರಾಜ್ಯದ ಒಳಗೆ. ಆಫ್ರಿಕದಲ್ಲಿ ಭಾಷೆಯೂ ಒಂದಲ್ಲ, ಮೇಲೊಂದು ಗಣರಾಜ್ಯವೂ ಇರಲಿಲ್ಲ.

ಮೊದಲ ಕೂಟ: ಎಣಿಕೆ

ನಾಲ್ಕು ನಕಾಶೆಗಳ ಮೇಲೆ 1945, 1957, 1960, 1963ರ ಮೇ ಎಂದು ಬರೆಯಿರಿ. ಸ್ವತಂತ್ರ ದೇಶಗಳಿಗೆ ಒಂದು ಬಣ್ಣ, ವಸಾಹತುಗಳಿಗೆ ಇನ್ನೊಂದು. ಬಿಳಿಯರ ಆಳ್ವಿಕೆಯಲ್ಲಿದ್ದ ದಕ್ಷಿಣ ಆಫ್ರಿಕಕ್ಕೆ ಮೂರನೆಯದು.

1957ರ ಕೊನೆಗೆ ಎಂಟು ದೇಶಗಳಿಗೆ ಸ್ವತಂತ್ರದ ಬಣ್ಣ ಬಂದಿರಬೇಕು: ಇಥಿಯೋಪಿಯ, ಲೈಬೀರಿಯ, ಈಜಿಪ್ಟ್, ಲಿಬಿಯ, ಸುಡಾನ್, ಟ್ಯುನೀಷಿಯ, ಮೊರಾಕೊ, ಘಾನಾ. 1958ರ ಏಪ್ರಿಲ್‌ನಲ್ಲಿ ಅಕ್ರಾದಲ್ಲಿ ನಡೆದ ಸ್ವತಂತ್ರ ಆಫ್ರಿಕನ್ ರಾಷ್ಟ್ರಗಳ ಸಮ್ಮೇಳನಕ್ಕೆ ಬಂದವೂ ಇವೇ ಎಂಟು. ಎನ್‌ಕ್ರುಮಾರ ಕರೆ ಹೊರಟಾಗ ಕೇಳುವುದಕ್ಕಿದ್ದ ಸರ್ಕಾರಗಳೇ ಅಷ್ಟು. 1958ರಲ್ಲಿ ಗಿನಿ, 1960ರ ಒಂದೇ ವರ್ಷದಲ್ಲಿ 17 ದೇಶ. ಒಟ್ಟು 26. ಅದರ ಮೇಲೆ ಸಿಯೆರಾ ಲಿಯೋನ್, ಟಾಂಗಾನಿಕ, ರುವಾಂಡಾ, ಬುರುಂಡಿ, ಅಲ್ಜೀರಿಯ, ಉಗಾಂಡ ಸೇರಿಸಿ. 32. ಏಕತಾ ಸಂಘಟನೆಯ ಸ್ಥಾಪಕ ಸದಸ್ಯರು ಎಷ್ಟೋ ಅಷ್ಟೇ! ಕೆಲವು ಕಡೆ 30 ಎಂದೂ ಕಾಣುತ್ತೀರಿ. ಮೊರಾಕೊ, ಟೋಗೊ ಶೃಂಗಸಭೆಯಲ್ಲಿ ಇರದೆ ಆಮೇಲೆ ಸೇರಿದ್ದರಿಂದ ಈ ವ್ಯತ್ಯಾಸ.

ಎಣಿಕೆ ತಪ್ಪುವುದು ಬಹುತೇಕ ಹೆಸರಿನಿಂದ. ಗಿನಿ ಮೂರಿವೆ: ಫ್ರೆಂಚರಿಂದ ಬಿಡುಗಡೆಯಾದ ಗಿನಿ, ಪೋರ್ಚುಗೀಸರದಾಗಿದ್ದ ಗಿನಿ-ಬಿಸ್ಸಾವ್, ಸ್ಪೇನಿನದಾಗಿದ್ದ ಈಕ್ವಟೋರಿಯಲ್ ಗಿನಿ. ಕಾಂಗೊ ಎರಡು, ಹಳೆಯ ಬರಹಗಳಲ್ಲಿ ರಾಜಧಾನಿಯ ಹೆಸರು ಹಿಡಿದು ಬ್ರಾಜಾವಿಲ್, ಲಿಯೊಪೋಲ್ಡ್‌ವಿಲ್ ಎಂದಿರುತ್ತದೆ. ದಹೋಮಿ ಇಂದಿನ ಬೆನಿನ್, ಅಪ್ಪರ್ ವೋಲ್ಟಾ ಇಂದಿನ ಬುರ್ಕಿನಾ ಫಾಸೊ, ಉತ್ತರ ರೊಡೇಷಿಯ ಇಂದಿನ ಜಾಂಬಿಯ. ಹಳೆ ಹೆಸರು, ಹೊಸ ಹೆಸರಿನ ಒಂದು ಚೀಟಿ ಮಾಡಿ ನಕಾಶೆಯ ಹಿಂಬದಿಗೆ ಅಂಟಿಸಿಕೊಳ್ಳಿ.

ಎರಡನೆಯ ಕೂಟ: ಕಡಲಾಚೆಯ ಹುಟ್ಟು

1900ರ ಜುಲೈಯಲ್ಲಿ ಟ್ರಿನಿಡಾಡಿನ ವಕೀಲ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್ ಲಂಡನ್ನಿನಲ್ಲಿ ಕರೆದ ಸಮ್ಮೇಳನದಿಂದ ಹಿಡಿದು ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರ 1919, 1921, 1923, 1927ರ ಅಧಿವೇಶನಗಳವರೆಗೆ ಒಂದು ಗಂಟೆ ಸಾಕು. ಉಳಿದ ಗಂಟೆಯನ್ನು 1945ರ ಅಕ್ಟೋಬರ್‌ನ ಮ್ಯಾಂಚೆಸ್ಟರ್ ಅಧಿವೇಶನಕ್ಕೆ ಇಡಿ. ಹಿಂದಿನ ಸಭೆಗಳ ಒಟ್ಟು ಸ್ವರ ಸಾಮ್ರಾಜ್ಯಗಳಿಗೆ ಮನವಿ ಸಲ್ಲಿಸುವುದು. ಮ್ಯಾಂಚೆಸ್ಟರ್‌ನಲ್ಲಿ ಸಂಘಟಿತ ಕಾರ್ಮಿಕರು, ರೈತರು, ಮುಷ್ಕರ ಎಂಬ ಮಾತುಗಳು ಮುಂದಕ್ಕೆ ಬಂದವು. ಟ್ರಿನಿಡಾಡಿನ ಜಾರ್ಜ್ ಪ್ಯಾಡ್ಮೋರ್, ಎನ್‌ಕ್ರುಮಾ, ಕೆನ್ಯದ ಕೆನ್ಯಾಟ ಅಲ್ಲಿದ್ದರು.

ಅಲ್ಲಿನ ಮೊದಲ ಕಲಾಪದ ಅಧ್ಯಕ್ಷತೆ ವಹಿಸಿದ್ದು ಜಮೈಕದ ಏಮಿ ಆಶ್ವುಡ್ ಗಾರ್ವಿ. ಪಟ್ಟಿಗಳಲ್ಲಿ ಈ ಹೆಸರು ಬಿಟ್ಟುಹೋಗುವುದೇ ಹೆಚ್ಚು, ಅದು ಅನ್ಯಾಯ. ಆಫ್ರಿಕನ್ ಮಹಿಳೆಯರ ಖಂಡಮಟ್ಟದ ಸಂಘಟನೆ 1962ರ ಜುಲೈ 31ರಂದು ದಾರ್-ಎಸ್-ಸಲಾಮ್‌ನಲ್ಲಿ ಹುಟ್ಟಿತು, ಅಂದರೆ ರಾಷ್ಟ್ರಾಧ್ಯಕ್ಷರು ಒಂದಾಗುವುದಕ್ಕೆ ಹತ್ತು ತಿಂಗಳು ಮೊದಲು. ಈ ತಾರೀಖನ್ನು ನಿಮ್ಮ ಹಾಳೆಯಲ್ಲಿ ಕೆಂಪಿನಲ್ಲಿ ಬರೆಯಿರಿ.

ಇನ್ನೊಂದು ತಪ್ಪು, ಆಫ್ರಿಕದಿಂದ ಚದುರಿದವರು ಎಂದರೆ ಅಟ್ಲಾಂಟಿಕ್ ಆಚೆಯವರು ಮಾತ್ರ ಎಂದುಕೊಳ್ಳುವುದು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಪೂರ್ವಜರು ಬಂದದ್ದು ಹಿಂದೂ ಮಹಾಸಾಗರದ ದಾರಿಯಿಂದ. ಆ ದಾರಿಯನ್ನೂ ನಕಾಶೆಯ ಮೇಲೆ ಎಳೆಯಿರಿ.

ಮೂರನೆಯ ಕೂಟ: ವಾದ ಹೂಡುವುದು

ಇದು ಎಲ್ಲಕ್ಕಿಂತ ಮುಖ್ಯ, ಬೇಕಾದರೆ ಎರಡು ಸಲ ಕೂರಿ. ಕೂಟವನ್ನು ಎರಡು ಭಾಗ ಮಾಡಿ, ಒಂದಕ್ಕೆ ಎನ್‌ಕ್ರುಮಾ, ಇನ್ನೊಂದಕ್ಕೆ ನೈರೇರೆ. ಪ್ರತಿ ಗುಂಪೂ ಹಾಳೆಯಲ್ಲಿ ಎರಡು ಅಂಕಣ ಹಾಕಲಿ: ಎಡಕ್ಕೆ ‘ಭಯ’, ಬಲಕ್ಕೆ ‘ಉಪಾಯ’.

ಎನ್‌ಕ್ರುಮಾರ ಭಯ: ಸಣ್ಣ ಸಣ್ಣ ದೇಶಗಳಾಗಿ ಬಿಡಿಬಿಡಿ ಉಳಿದರೆ ಬಾವುಟ ನಮ್ಮದು, ಹಣಕಾಸು ಪರರದು ಆಗುತ್ತದೆ. ಕಾಂಗೊ ಕಣ್ಣೆದುರಿಗೇ ಇತ್ತು. 1961ರ ಜನವರಿ 17ರಂದು ಅಲ್ಲಿನ ಮೊದಲ ಪ್ರಧಾನಿ ಲುಮುಂಬಾ ಕೊಲೆಯಾಗಿದ್ದರು. ಉಪಾಯವನ್ನು ಮೇ 24ರ ಭಾಷಣದಿಂದಲೇ ಹೆಕ್ಕಿ: ಒಕ್ಕೂಟ ಸರ್ಕಾರಕ್ಕೊಂದು ಸಂವಿಧಾನ, ಸಾಮಾನ್ಯ ಮಾರುಕಟ್ಟೆ, ಒಂದೇ ನಾಣ್ಯ, ಕೇಂದ್ರ ಬ್ಯಾಂಕ್, ಒಂದೇ ವಿದೇಶಾಂಗ ನೀತಿ, ಒಂದೇ ರಕ್ಷಣಾ ವ್ಯವಸ್ಥೆ, ಒಂದೇ ಪೌರತ್ವ. ರಾಜಧಾನಿ ಮಧ್ಯ ಆಫ್ರಿಕದ ಬಾಂಗಿಯೋ ಕಾಂಗೊದ ಲಿಯೊಪೋಲ್ಡ್‌ವಿಲ್ಲೋ ಆಗಬಹುದೆಂದೂ ಅವರು ಸೂಚಿಸಿದರು. ತಮ್ಮ ಅಕ್ರಾವನ್ನು ಕೇಳಲಿಲ್ಲ, ಇದನ್ನು ಗಮನಿಸಿ. ಇದು ಬಾಯಿಮಾತೂ ಅಲ್ಲ. ಸಾರ್ವಭೌಮತ್ವವನ್ನು ಪೂರ್ತಿಯಾಗಿ ಅಥವಾ ಭಾಗಶಃ ಆಫ್ರಿಕನ್ ರಾಷ್ಟ್ರಗಳ ಒಂದು ಒಕ್ಕೂಟಕ್ಕೆ ಬಿಟ್ಟುಕೊಡಲು ಸಂಸತ್ತಿಗೆ ಅಧಿಕಾರವಿದೆ ಎಂದು ಘಾನಾದ 1960ರ ಸಂವಿಧಾನದ 2ನೇ ವಿಧಿಯಲ್ಲೇ ಬರೆದಿತ್ತು. ಗಿನಿಯ 1958ರ ಸಂವಿಧಾನದಲ್ಲೂ ಇಂಥದೇ ವಿಧಿ ಇತ್ತು. ಆ ವಿಧಿಯನ್ನು ಗಟ್ಟಿಯಾಗಿ ಓದಿಸಿ. ಹೊಸದಾಗಿ ಸಿಕ್ಕ ಸ್ವಾತಂತ್ರ್ಯವನ್ನು ದಾನ ಕೊಡಲು ತಯಾರಾಗಿ ನಿಂತ ಸಂವಿಧಾನ ಅದು.

ನೈರೇರೆ ಗುಂಪಿಗೆ ಒಂದು ಎಚ್ಚರಿಕೆ: ಅವರನ್ನು ಏಕತೆಯ ವಿರೋಧಿ ಎಂದು ಮಂಡಿಸಿದರೆ ಕೂಟ ಅಲ್ಲೇ ದಾರಿ ತಪ್ಪಿತು. ಪೂರ್ವ ಆಫ್ರಿಕದ ದೇಶಗಳು ಒಟ್ಟಾಗಿ ಒಂದು ಒಕ್ಕೂಟವಾಗುವುದಾದರೆ ಟಾಂಗಾನಿಕದ ಸ್ವಾತಂತ್ರ್ಯವನ್ನೇ ತಡಮಾಡಲು ಸಿದ್ಧ ಎಂದು 1960ರಲ್ಲಿ ಹೇಳಿದವರು ಅವರು. ಒಮ್ಮೆ ಬೇರೆ ಬಾವುಟ, ಬೇರೆ ಮಂತ್ರಿಮಂಡಲ ಬಂದ ಮೇಲೆ ಬಿಟ್ಟುಕೊಡಲು ಯಾರಿಗೂ ಮನಸ್ಸಾಗದು ಎಂಬುದು ಅವರ ಭಯ. ಉಪಾಯ, ಹಂತಹಂತವಾಗಿ ನೆರೆಹೊರೆಯಿಂದ ಶುರುಮಾಡುವುದು. ಇಂಥ ಪ್ರಾದೇಶಿಕ ಒಕ್ಕೂಟಗಳನ್ನು ವಿರೋಧಿಸಿದ್ದು ಎನ್‌ಕ್ರುಮಾ. ದೊಡ್ಡ ಒಕ್ಕೂಟಕ್ಕೆ ಸಣ್ಣ ಒಕ್ಕೂಟ ಅಡ್ಡ ಬರುತ್ತದೆ ಎಂಬುದು ಅವರ ತರ್ಕ. 1963ರ ಜೂನ್‌ನಲ್ಲಿ ಕೆನ್ಯ, ಉಗಾಂಡ, ಟಾಂಗಾನಿಕದ ನಾಯಕರು ವರ್ಷದೊಳಗೆ ಒಂದಾಗುತ್ತೇವೆ ಎಂದು ಘೋಷಿಸಿದರು, ಆಗಲಿಲ್ಲ. 1964ರ ಏಪ್ರಿಲ್ 26ರಂದು ಟಾಂಗಾನಿಕ ಮತ್ತು ಜಾಂಜಿಬಾರ್ ಒಂದಾದವು, ಆ ಒಂದುಗೂಡುವಿಕೆ ಇಂದಿಗೂ ಉಳಿದಿದೆ. ಇಬ್ಬರ ಭಯವೂ ನಿಜವಾಯಿತು ಎಂಬುದೇ ಈ ವಾದದ ನೋವು.

ನಾಲ್ಕನೆಯ ಕೂಟ: ಸನ್ನದನ್ನು ಹತ್ತಿರದಿಂದ

33 ವಿಧಿಗಳನ್ನೂ ಒಬ್ಬೊಬ್ಬರು ಒಂದೊಂದರಂತೆ ಓದಿ. ಆಮೇಲೆ 3ನೇ ವಿಧಿಗೆ ಮರಳಿ. ಏಳು ತತ್ವಗಳಿವೆ. ಪ್ರತಿಯೊಂದರ ಪಕ್ಕದಲ್ಲಿ ‘ಇದನ್ನು ಬರೆಸಿದ ಘಟನೆ ಯಾವುದು?’ ಎಂದು ಕೇಳಿಕೊಳ್ಳಿ. ಐದನೆಯದು ರಾಜಕೀಯ ಕೊಲೆಯ ಖಂಡನೆ. ಸನ್ನದಿಗೆ ನಾಲ್ಕು ತಿಂಗಳು ಮೊದಲು, ಜನವರಿ 13ರಂದು ಟೋಗೊದ ಅಧ್ಯಕ್ಷ ಒಲಿಂಪಿಯೊ ಹತ್ಯೆಯಾಗಿತ್ತು. ಮೂರನೆಯದು ಪ್ರಾದೇಶಿಕ ಅಖಂಡತೆ. ಮೊರಾಕೊ ಆಗ ಮಾರಿಟಾನಿಯ ತನ್ನದೆನ್ನುತ್ತಿತ್ತು. ಆರನೆಯದು ಇನ್ನೂ ಬಿಡುಗಡೆಯಾಗದ ನೆಲಗಳ ವಿಮೋಚನೆ. ಅದರ ಬೆನ್ನಿಗೇ ವಿಮೋಚನಾ ಸಮಿತಿ ದಾರ್-ಎಸ್-ಸಲಾಮ್‌ನಲ್ಲಿ ನೆಲೆ ಮಾಡಿಕೊಂಡಿತು.

ಇದೇ ಸಂಘಟನೆಯ 1964ರ ಜುಲೈಯ ಕೈರೊ ಠರಾವು ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಗೌರವಿಸುವುದಾಗಿ ಹೇಳಿತು. ವಸಾಹತುಶಾಹಿ ಎಳೆದ ಗೆರೆಯನ್ನೇ ಯಾಕೆ ಒಪ್ಪಿದರು ಎಂದು ಓದುಗರು ಸಿಟ್ಟಾಗುತ್ತಾರೆ. ಆಗಲಿ. ಉತ್ತರಕ್ಕೆ ನಕಾಶೆ ತೆಗೆದು ಸೊಮಾಲಿ ಭಾಷಿಕರು ಇಥಿಯೋಪಿಯ, ಕೆನ್ಯ, ಜಿಬೂಟಿಗಳಲ್ಲೂ ಇರುವ ಪ್ರದೇಶಗಳನ್ನು ಗುರುತಿಸಿ. ಸೊಮಾಲಿಯ ಆ ಠರಾವನ್ನು ಯಾಕೆ ಒಪ್ಪಲಿಲ್ಲ, ಇಥಿಯೋಪಿಯ ಯಾಕೆ ಬೇಕೇಬೇಕೆಂದಿತು ಎರಡೂ ಒಟ್ಟಿಗೆ ತಿಳಿಯುತ್ತವೆ.

ಐದನೆಯ ಕೂಟ: ಕಬ್ರಾಲ್

ಅಮಿಲ್ಕರ್ ಕಬ್ರಾಲ್ ಕೃಷಿ ವಿಜ್ಞಾನಿ. 1953ರಲ್ಲಿ ಪೋರ್ಚುಗೀಸ್ ಗಿನಿಯ ಕೃಷಿ ಗಣತಿ ನಡೆಸಿದವರು. ಊರೂರು ತಿರುಗಿ ಯಾವ ಭೂಮಿ ಯಾರದು, ಏನು ಬೆಳೆಯುತ್ತಾರೆ ಎಂದು ಬರೆದುಕೊಂಡ ಕೈಯೇ ಮುಂದೆ ಪೋರ್ಚುಗೀಸರ ವಿರುದ್ಧ ಯುದ್ಧವನ್ನು ನಡೆಸಿತು. ಆದ್ದರಿಂದ ಅವರ ಬರಹದಲ್ಲಿ ‘ಜನತೆ’ ಎಂಬ ಸಗಟು ಪದ ಕಡಿಮೆ. ಮುಖ್ಯಸ್ಥರಿಲ್ಲದ ಬಾಲಾಂಟ ಸಮಾಜ ಬೇರೆ, ಮೇಲು ಕೆಳಗಿನ ಶ್ರೇಣಿಯ ಫುಲ ಸಮಾಜ ಬೇರೆ, ಪಟ್ಟಣದ ಗುಮಾಸ್ತ ಬೇರೆ. 1966ರ ಜನವರಿಯ ಹವಾನಾ ಭಾಷಣವನ್ನು ತೆಗೆದುಕೊಳ್ಳಿ. ಒಂದು ಕೂಟಕ್ಕೆ ಹತ್ತು ಪುಟ ಮೀರಬೇಡಿ, ಮೀರಿದರೆ ಪರಿಭಾಷೆ ಮಾತ್ರ ತಲೆಯಲ್ಲಿ ಉಳಿಯುತ್ತದೆ.

ಕಾರವಾರದವರಿಗೆ ಇಲ್ಲೊಂದು ಹತ್ತಿರದ ಎಳೆ ಸಿಗುತ್ತದೆ. ಪೋರ್ಚುಗಲ್ ಅಂಗೋಲವನ್ನೂ ಗೋವೆಯನ್ನೂ ‘ಸಾಗರೋತ್ತರ ಪ್ರಾಂತ್ಯ’ ಎಂದೇ ಕರೆಯುತ್ತಿತ್ತು. 1961ರ ಏಪ್ರಿಲ್‌ನಲ್ಲಿ ಕಾಸಾಬ್ಲಾಂಕಾದಲ್ಲಿ ಪೋರ್ಚುಗೀಸ್ ವಸಾಹತುಗಳ ಚಳವಳಿಗಳು ಒಂದು ಸಂಘಟನೆ ಕಟ್ಟಿದಾಗ ಗೋವೆಯವರೂ ಅದರಲ್ಲಿದ್ದರು. ಗೋವೆಯಲ್ಲಿ ಹುಟ್ಟಿದ ಅಕೀನೊ ದ ಬ್ರಗಾನ್ಸ ಅದರ ಕೆಲಸದಲ್ಲಿ ತೊಡಗಿ, ಕೊನೆಗೆ 1986ರಲ್ಲಿ ಮೊಜಾಂಬಿಕ್ ಅಧ್ಯಕ್ಷ ಸಮೋರ ಮಶೆಲ್ ಜೊತೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಗೋವಾ ವಿಮೋಚನೆಯನ್ನು ಈ ನಕಾಶೆಯ ಮೇಲಿಟ್ಟು ನೋಡಿದವರು ನಮ್ಮಲ್ಲಿ ಕಡಿಮೆ.

ಆರನೆಯ ಕೂಟ: ಎರಡು ವಿಧಿ, ಒಂದು ಪಟ್ಟಿ

ನೈರೇರೆ ಪಕ್ಷದ ಸಮಾಜವಾದಿ ಹಾದಿಯನ್ನು ಸಾರಿದ 1967ರ ಅರೂಷ ಘೋಷಣೆಯನ್ನು ಮೊದಲ ಅರ್ಧ ಗಂಟೆಯಲ್ಲಿ ಮುಗಿಸಿ. ನಾಯಕನಿಗೆ ಎರಡು ಸಂಬಳ ಇರಬಾರದು, ಕಂಪನಿ ಷೇರು ಇರಬಾರದು, ಬಾಡಿಗೆ ಮನೆ ಇರಬಾರದು ಎಂಬ ಷರತ್ತುಗಳನ್ನು ಖಂಡಿತ ಓದಿ. ಜೊತೆಗೇ 1973ರ ನಂತರ ರೈತರನ್ನು ಬಲವಂತವಾಗಿ ಉಜಾಮ ಎಂಬ ಸಾಮೂಹಿಕ ಹಳ್ಳಿಗಳಿಗೆ ಸಾಗಿಸಿದ್ದನ್ನೂ ಓದಿ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ನೈರೇರೆಗೂ ಅನ್ಯಾಯ, ರೈತರಿಗೂ ಅನ್ಯಾಯ.

ಆಮೇಲೆ 1963ರ ಸನ್ನದಿನ 3ನೇ ವಿಧಿಯ 2ನೇ ತತ್ವವನ್ನು, 2000ದ ಕಾಯ್ದೆಯ 4ನೇ ವಿಧಿಯ ‘ಎಚ್’ ಉಪವಿಧಿಯನ್ನು ಅಕ್ಕಪಕ್ಕ ಇಡಿ. ಮೊದಲನೆಯದು ಇನ್ನೊಂದು ದೇಶದ ಆಂತರಿಕ ವ್ಯವಹಾರದಲ್ಲಿ ಕೈಹಾಕಬಾರದು ಎನ್ನುತ್ತದೆ. ಎರಡನೆಯದು ಯುದ್ಧಾಪರಾಧ, ನರಮೇಧ, ಮಾನವತೆಯ ವಿರುದ್ಧದ ಅಪರಾಧ ನಡೆದರೆ ಕೈಹಾಕುವ ಹಕ್ಕು ಒಕ್ಕೂಟಕ್ಕಿದೆ ಎನ್ನುತ್ತದೆ. ನಡುವೆ 1994ರ ರುವಾಂಡಾ ನರಮೇಧ ಇದೆ.

ಕೊನೆಯ ಅರ್ಧ ಗಂಟೆಗೆ ಮೂರನೆಯ ಕೂಟದ ಎನ್‌ಕ್ರುಮಾ ಪಟ್ಟಿಯನ್ನು ಮತ್ತೆ ಹೊರತೆಗೆದು ಪ್ರತಿ ಸಾಲಿನ ಮುಂದೆ ಇಂದಿನ ಸ್ಥಿತಿ ಬರೆಯಿರಿ. ಮಾರುಕಟ್ಟೆಯ ಸಾಲಿಗೆ ಉತ್ತರವಿದೆ: 2018ರ ಮಾರ್ಚ್ 21ರಂದು ಕಿಗಾಲಿಯಲ್ಲಿ ಸಹಿಯಾದ ಖಂಡ ಮುಕ್ತ ವ್ಯಾಪಾರ ಒಪ್ಪಂದ, 2021ರ ಜನವರಿ 1ರಿಂದ ವ್ಯಾಪಾರ, ಕಾರ್ಯಾಲಯ ಅಕ್ರಾದಲ್ಲಿ. ನಾಣ್ಯದ ಸಾಲಿಗೆ ಬಂದಾಗ ಹಾಳೆ ತಿರುಗಿಸಿ ಬರೆಯಬೇಕಾಗುತ್ತದೆ. 14 ದೇಶಗಳು ಇಂದಿಗೂ ಯೂರೋಗೆ ಕಟ್ಟಿದ, ಫ್ರೆಂಚ್ ವಸಾಹತು ಕಾಲದ ನಾಣ್ಯವಾದ ಸಿಎಫ್‌ಎ ಫ್ರಾಂಕ್ ಬಳಸುತ್ತವೆ. ಫ್ರೆಂಚರು ಎಂದೂ ಆಳದಿದ್ದ, ಕಬ್ರಾಲ್ ಹೋರಾಡಿದ ಗಿನಿ-ಬಿಸ್ಸಾವ್ ಕೂಡ 1997ರಲ್ಲಿ ಅದಕ್ಕೆ ಸೇರಿತು. ಯಾಕೆ ಸೇರಿತು ಎಂಬ ಚರ್ಚೆಗೆ ಏಳನೆಯ ಸಂಜೆ ಇಟ್ಟುಕೊಳ್ಳಿ.