ಕಾರಿನ ಬಡ್ಡಿ ತೋರಿಸಿ 47 ಸಾವಿರ ವಾಪಸು ತಂದದ್ದು

"ಕಾರಿನ ಬಡ್ಡಿಗೂ ಟ್ಯಾಕ್ಸಿನಲ್ಲಿ ವಿನಾಯಿತಿ ಉಂಟಾ ಮಾಷ್ಟ್ರೇ?" ಎಂದು ಸ್ಟಾಫ್ ರೂಮಿನಲ್ಲಿ ನಗಾಡಿದವರೇ ಈಗ ನನ್ನ ರಿಟರ್ನಿನ ಪ್ರತಿ ಕೇಳುತ್ತಿದ್ದಾರೆ. ಕೊಡಲು ಅಡ್ಡಿಯಿಲ್ಲ, ಆದರೆ ಹೊಸದಾಗಿ ಸಾಲ ಮಾಡುವವರಿಗೆ ಅದರಿಂದ ಉಪಯೋಗವಿಲ್ಲ. ಎಲೆಕ್ಟ್ರಿಕ್ ಕಾರಿನ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯಲು ಬಿಡುವ 80ಇಇಬಿ ಸೆಕ್ಷನ್ ಸಿಗುವುದು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ನಾನು ಹತ್ತಿದ್ದು ಕೊನೆಯ ಬಸ್ಸು. 2023ರ ಮಾರ್ಚ್ ಕೊನೆಯ ವಾರ, ಪರೀಕ್ಷೆ ಡ್ಯೂಟಿಯ ನಡುವೆ ಬದಿಯಡ್ಕದಿಂದ ಕಾಸರಗೋಡಿಗೆ ದಿನಾ ಓಡಾಟ. ಟಿಯಾಗೊ ಇವಿ ಮನೆಗೆ ಬಂದದ್ದು ಮೇಯಲ್ಲಿ. ಕಾನೂನಿಗೆ ಬೇಕಾದ್ದು ಮಂಜೂರಾತಿಯ ತಾರೀಕು, ಕಾರು ಬಂದ ದಿನ ಅಲ್ಲ. ಮೂರೇ ದಿನದಲ್ಲಿ ಮಂಜೂರಾತಿ ಪತ್ರ ಹೇಗೆ ಕೈಗೆ ಬಂತು ಎಂಬುದನ್ನು ಮಾತ್ರ ಬರೆಯುವುದಿಲ್ಲ.

ಅದಕ್ಕೆ ಮೊದಲು ಎರಡು ಸಲ ಎಡವಿದ್ದೆ. ಸಾಲ ಅಪ್ಪನ ಹೆಸರಿನಲ್ಲಿ ಎಂದಾಗಿತ್ತು ಮೊದಲು. ಅಪ್ಪನದ್ದು ಅಡಿಕೆ ಆದಾಯ, ಅದಕ್ಕೆ ತೆರಿಗೆಯೇ ಇಲ್ಲದ ಮೇಲೆ ಕಳೆಯುವುದು ಯಾವುದರಿಂದ? ಮತ್ತೆ ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿಗೆ ಹೋದೆ. ಎಲ್ಲ ಗುರುತಿನವರು, ಕಾಗದಪತ್ರದ ತಲೆಬಿಸಿ ಕಡಿಮೆ. ಹೆಸರಿನಲ್ಲಿ ಬ್ಯಾಂಕ್ ಇದ್ದರೂ ಅದು ಪ್ರಾಥಮಿಕ ಸಹಕಾರಿ ಸಂಘ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಬ್ಯಾಂಕು ಅಲ್ಲ. ಅಲ್ಲಿ ಕಟ್ಟಿದ ಬಡ್ಡಿ ಈ ಸೆಕ್ಷನ್ನಿಗೆ ಲೆಕ್ಕಕ್ಕಿಲ್ಲ. ಅರ್ಜಿ ಕೊಟ್ಟ ಮೇಲೆ ಇದು ಗೊತ್ತಾಗಿ ಒಂದು ವಾರ ಹಾಳು.

ಮಂಗಳೂರಿನ ಬಾವನದ್ದು ಬೇರೆಯೇ ಸಲಹೆ. "ನನ್ನ ಅಡ್ರೆಸ್ ಹಾಕಿ ಕೆಎ ನಂಬರ್ ಮಾಡಿಸು, ರೋಡ್ ಟ್ಯಾಕ್ಸೇ ಇಲ್ಲ." ಆಗ ಕರ್ನಾಟಕದಲ್ಲಿ ಪೂರ್ತಿ ವಿನಾಯಿತಿ, ನಮ್ಮ ಕೇರಳದಲ್ಲಿ ಶೇಕಡಾ 5. ಅರ್ಧ ಲಕ್ಷದ ಆಸೆ ಸಣ್ಣದಲ್ಲ. ಆದರೆ ಕಾರು ಓಡುವುದು ಇಲ್ಲಿ, ಸಂಬಳ ಇಲ್ಲಿ. ಕಾಸರಗೋಡಿನ ಕೆಎಲ್ 14 ನಂಬರೇ ಮಾಡಿಸಿದೆ.

ಇನ್ನು ದುಡ್ಡಿನ ವಿಷಯ. ಸಾಲ 9 ಲಕ್ಷ, ಏಳು ವರ್ಷ, ಬಡ್ಡಿ 9ರ ಹತ್ತಿರ. ಮೊದಲ ವರ್ಷದ ಬಡ್ಡಿ ಸುಮಾರು 73 ಸಾವಿರ. ಸಂಬಳ ಒಂಬತ್ತೂವರೆ ಲಕ್ಷದ ಮೇಲೆ ಚಿಲ್ಲರೆ. ಸ್ಟ್ಯಾಂಡರ್ಡ್ ಡಿಡಕ್ಷನ್, ಪಿಎಫ್, ಮನೆಸಾಲದ ಬಡ್ಡಿ ಎಲ್ಲ ಕಳೆದರೆ ಉಳಿಯುವುದು ಐದೂವರೆ ಲಕ್ಷ. ಅದಕ್ಕೆ 23,400 ತೆರಿಗೆ. ಕಾರಿನ ಬಡ್ಡಿಯನ್ನೂ ಕಳೆದರೆ 5 ಲಕ್ಷದ ಕೆಳಗೆ, ಅಷ್ಟರವರೆಗಿನ ತೆರಿಗೆ ಮನ್ನಾ ಮಾಡುವ 87ಎ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ! 73 ಸಾವಿರದ ಶೇಕಡಾ 20 ಎಂದು ಲೆಕ್ಕ ಹಾಕುತ್ತಿದ್ದವರಿಗೆ ಈ ಗೆರೆ ಕಾಣಲೇ ಇಲ್ಲ.

ಆದರೆ ಆ ವರ್ಷದಿಂದ (2023-24) ಕಾರಿನ ಬಡ್ಡಿ ಕಳೆಯಲು ಬಿಡದ ಹೊಸ ತೆರಿಗೆ ಪದ್ಧತಿಯೇ ಡಿಫಾಲ್ಟ್. ಹಳೆಯದು ಬೇಕೆಂದು ಬರೆದುಕೊಡಲು ನಾನು ಮರೆತೆ. ಸಂಬಳದಿಂದ 47 ಸಾವಿರ ಚಿಲ್ಲರೆ ಹೋಯಿತು, ಮನೆಯಲ್ಲಿ ಮಂಗಳಾರತಿಯೂ ಆಯಿತು. ಜುಲೈ ಗಡುವಿನೊಳಗೆ ರಿಟರ್ನಿನಲ್ಲಿ ಹಳೆಯ ಪದ್ಧತಿ ಆರಿಸಿದೆ. ಸೆಪ್ಟೆಂಬರಿನಲ್ಲಿ ಪೂರ್ತಿ ವಾಪಸು ಬಂತು. ಮರುವರ್ಷ ಬಡ್ಡಿ ಇಳಿದು, ಸಂಬಳ ಏರಿ, 5 ಲಕ್ಷದ ಗೆರೆಯೊಳಗೆ ಬರಲು ಕಡಿತ 20 ಸಾವಿರ ಕಡಿಮೆ ಬಿತ್ತು. ಅಮ್ಮನ ಆರೋಗ್ಯ ವಿಮೆಯ ಕಂತು ಕಾಪಾಡಿತು. ಆ ಸಲದ ಫಾರ್ಮಿನಲ್ಲಿ ಸಾಲದ ಖಾತೆ ನಂಬರು, ಮಂಜೂರಾದ ತಾರೀಕು, ಕಾರಿನ ನಂಬರು ಎಲ್ಲ ಕೇಳಿದ್ದರು. ಪತ್ರ ಇಟ್ಟುಕೊಂಡವನಿಗೆ ಹೆದರಿಕೆ ಏನು?

ಉಳಿಸಿದ್ದರಲ್ಲಿ ಸ್ವಲ್ಪ ಕೇರಳದ ವಿದ್ಯುತ್ ಮಂಡಳಿ ಕೆಎಸ್ಇಬಿಗೆ ಹೋಯಿತು ಎಂಬುದೂ ನಿಜ. ಎರಡು ತಿಂಗಳಿಗೆ 500 ಯೂನಿಟ್ ದಾಟಿದರೆ ಮೊದಲ ಯೂನಿಟಿನಿಂದಲೇ ದೊಡ್ಡ ದರ. ಒಂದು ಸಲ 510 ಆಗಿ ಬಿಲ್ಲು ನೋಡಿ ತಲೆ ತಿರುಗಿತು. ತೋಟದ ಪಂಪಿನ ಕನೆಕ್ಷನಿನಿಂದ ಚಾರ್ಜ್ ಮಾಡು ಎಂದ ಮಹಾನುಭಾವರಿದ್ದಾರೆ; ಕೃಷಿ ಮೀಟರಿನಲ್ಲಿ ಆ ಕೆಲಸ ಮಾಡಿದರೆ ಬೀಳುವುದು ದಂಡ. ಮಾರ್ಚ್ ಏಪ್ರಿಲಿನಲ್ಲಿ ಸುತ್ತಲಿನ ಸ್ಪ್ರಿಂಕ್ಲರೆಲ್ಲ ಒಟ್ಟಿಗೆ ತಿರುಗಿ ವೋಲ್ಟೇಜ್ ಬಿದ್ದು ಚಾರ್ಜರ್ ಆಫ್ ಆಗುತ್ತಿತ್ತು. ರಾತ್ರಿ ಎರಡಕ್ಕೆ ಎದ್ದು ಹಾಕಿದರೆ ಸರಿ. ಈಗ ಮೀಟರ್ 480ಕ್ಕೆ ಬಂದರೆ ಕಾಸರಗೋಡು ಪೇಟೆಗೆ ಹೋದಾಗ ಹೊರಗೇ ಚಾರ್ಜ್.

2025-26ಕ್ಕೆ ಮತ್ತೆ ಲೆಕ್ಕ ಹಾಕಿದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಾದ್ದರಿಂದ ನಾನೂ ಅತ್ತ ಹಾರಿದೆ. ಕಾರಿನ ಕಂತು 2030ರವರೆಗೆ ಉಂಟು.